ಅಳತೆಗೆ ನಿಂತವನ ನೆರಳು

ವಿಜಾಪುರದ ಗುರಲಿಂಗಪ್ಪನವರ ಫೋಟೋ ಸ್ಟುಡಿಯೋದಲ್ಲಿ ಉತ್ತರದ ಕಿಟಕಿಗೆ ಹತ್ತಿಕೊಂಡು ಒಂದು ಇಳಿಜಾರು ಮೇಜು ಇತ್ತು. ಮೇಜಿನ ನಡುವೆ ಚೌಕಾಕಾರದ ಒಂದು ತೂತು, ಕೆಳಗೆ ಬೆಳಕನ್ನು ಮೇಲಕ್ಕೆ ತಿರುಗಿಸುವ ಕನ್ನಡಿ. ತೂತಿನ ಮೇಲೆ ಗಾಜಿನ ಪ್ಲೇಟು ಇಟ್ಟು ತಿದ್ದುವುದು ಪರಸಪ್ಪನ ಕೆಲಸ. ಹನ್ನೊಂದು ವರ್ಷದಿಂದ ಅವನು ವಿಜಾಪುರದ ಮದುಮಕ್ಕಳ ಮೊಡವೆಗಳನ್ನೂ ಸಾವಕಾರರ ಸಿಡುಬಿನ ಕಲೆಗಳನ್ನೂ ತೆಗೆಯುತ್ತ ಬಂದಿದ್ದ.

ಪ್ಲೇಟಿನಲ್ಲಿ ಎಲ್ಲವೂ ಉಲ್ಟಾ. ಬಿಳಿ ಧೋತರ ಕಪ್ಪಾಗಿ ಕಾಣುತ್ತದೆ, ಕಪ್ಪು ಮುಖ ತಿಳಿಗಾಜಾಗಿ ಕಾಣುತ್ತದೆ. ಕಪ್ಪನ್ನು ಕಡಿಮೆ ಮಾಡಬೇಕಾದರೆ ಸಣ್ಣ ಚಾಕುವಿನಿಂದ ಹೆರೆಯಬೇಕು. ತಿಳಿಯನ್ನು ತುಂಬಬೇಕಾದರೆ ಮೇಲೆ ತೆಳ್ಳಗೆ ವಾರ್ನಿಶ್ ಸವರಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಚುಕ್ಕೆ ಇಡುತ್ತ ಹೋಗಬೇಕು. ಪರಸಪ್ಪ ಪ್ಲೇಟನ್ನು ಯಾವಾಗಲೂ ತಲೆಕೆಳಗು ಮಾಡಿ ಇಟ್ಟುಕೊಳ್ಳುತ್ತಿದ್ದ. ಮುಖ ಮುಖವಾಗಿ ಕಂಡರೆ ಕೈ ಹಿಂಜರಿಯುತ್ತದೆ. ತಲೆಕೆಳಗಾದರೆ ಬರೀ ಕಪ್ಪು, ಬರೀ ಬಿಳಿ. ಗುರಲಿಂಗಪ್ಪನವರು ಮೊದಲ ದಿನ ಕಲಿಸಿದ್ದು ಅದನ್ನೇ.

ಅದೇ ಸ್ಟುಡಿಯೋದಲ್ಲಿ ಕ್ಯಾಮರಾದ ಪೆಟ್ಟಿಗೆ ಹೊರುವವನು ಪರಸಪ್ಪನ ಅಣ್ಣ ಸಾಬಣ್ಣ. ತಮ್ಮನನ್ನು ತಿಕೋಟಾದಿಂದ ಕರೆತಂದು ಕೆಲಸಕ್ಕೆ ಹಚ್ಚಿದವನೂ ಅವನೇ. ಹದಿನಾಲ್ಕು ವರ್ಷ ಎಡಹೆಗಲ ಮೇಲೆ ಪೆಟ್ಟಿಗೆ ಹೊತ್ತು ಆ ಹೆಗಲು ಬಲಗಡೆಯದಕ್ಕಿಂತ ಎರಡು ಬೆರಳು ಕೆಳಗಿಳಿದಿತ್ತು. ಹಳೆಯ ಗೋಡೆ, ಗುಮ್ಮಟ, ಬಾವಿಗಳ ಫೋಟೋ ತೆಗೆಯುವಾಗ ಎತ್ತರ ತಿಳಿಯಲೆಂದು ಆರಡಿಯ ಕೋಲು ಹಿಡಿದು ಮುಂದೆ ನಿಲ್ಲುವುದೂ ಅವನ ಕೆಲಸವೇ. ಆಮೇಲೆ ಗಿರಾಕಿಗೆ ಬೇಡವೆನಿಸಿದರೆ ಪರಸಪ್ಪ ಅವನನ್ನು ಅಳಿಸುತ್ತಿದ್ದ. 'ಊರಾಗಿನ ಎಲ್ಲಾ ಗುಮ್ಮಟದ ಮುಂದ ನಾ ನಿಂತೇನಿ, ಒಂದರಾಗೂ ಇಲ್ಲ' ಎಂದು ಸಾಬಣ್ಣ ಚಹಾದಂಗಡಿಯಲ್ಲಿ ಹೇಳಿ ನಗಿಸುತ್ತಿದ್ದ. ಅಳಿಸದೆ ಉಳಿದ ಹಳೆಯ ಪ್ಲೇಟುಗಳೂ ಉಳಿಯಲಿಲ್ಲ. ಯುದ್ಧಕಾಲದಲ್ಲಿ ಗಾಜು ಸಿಗದೆ, ಅವನ್ನೆಲ್ಲ ಬಿಸಿನೀರಿನಲ್ಲಿ ತೊಳೆದು ಗಿರಾಕಿಗಳ ಚೌಕಟ್ಟುಗಳಿಗೆ ಹಾಕಿದ್ದಾಗಿತ್ತು.

ಸಾವಿರದ ಒಂಬೈನೂರ ನಲವತ್ತಾರರ ಡಿಸೆಂಬರಿನಲ್ಲಿ ಪುಣೆಯಿಂದ ಒಬ್ಬ ಪ್ರೊಫೆಸರರು ಬಂದರು. ಹಳೆಯ ದಂಡುಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ತಿಕೋಟಾದಿಂದ ಬಿಜ್ಜರಗಿಯ ದಾರಿಯಲ್ಲಿ ದಂಡಿನ ಮಾಳ ಎಂದು ಕರೆಯುವ ಒಂದು ಬಯಲಿತ್ತು. ಹಿಂದೆ ಯಾವುದೋ ಬಾದಶಹನ ದಂಡು ಅಲ್ಲಿ ಒಂದು ಬ್ಯಾಸಿಗಿ ಕಳೆದಿತ್ತೆಂದು ಹಿರಿಯರು ಹೇಳುತ್ತಿದ್ದರು. ಈಗ ಉಳಿದದ್ದು ಮಣ್ಣಿನ ಒಡ್ಡು, ಅರ್ಧ ಮುಚ್ಚಿದ ಕಂದಕ, ಕುದುರೆ ಕಟ್ಟುವ ಕಲ್ಲುಗೂಟಗಳ ಸಾಲು. ಕುರಿಗಳು ಅದರ ಮೇಲೆಯೇ ಮೇಯುತ್ತಿದ್ದವು.

ಗುರಲಿಂಗಪ್ಪನವರೂ ಸಾಬಣ್ಣನೂ ಅಲ್ಲಿಗೆ ಒಯ್ದದ್ದು ಆರು ಪ್ಲೇಟು. ಐದರಲ್ಲಿ ಬಯಲು, ಕಲ್ಲುಗೂಟ, ಕಂದಕ. ಆರನೆಯದಕ್ಕೆ ಪ್ರೊಫೆಸರರು ಒಡ್ಡಿನ ಎತ್ತರ ಬೇಕೆಂದರು. ಸಾಬಣ್ಣ ಕೋಲು ಹಿಡಿದು ಒಡ್ಡಿನ ಮುಂದೆ ನಿಂತ. ಸಂಜೆ ನಾಲ್ಕೂವರೆಯ ಬಿಸಿಲು ಎಡದಿಂದ ಬೀಳುತ್ತಿತ್ತು. ಪುಣೆಗೆ ಮರಳಿ ಪ್ರಿಂಟು ನೋಡಿದ ಮೇಲೆ ಅವರಿಗೆ ಆ ಆರನೆಯದೇ ಎಲ್ಲಕ್ಕಿಂತ ಹಿಡಿಸಿತು. ಅಳತೆ ಬರೆದುಕೊಂಡಾಗಿದೆ, ಇನ್ನು ಆಳು ಬೇಡ, ದಂಡು ಆಗಷ್ಟೇ ಎದ್ದು ಹೋದಂತೆ ಕಾಣಬೇಕು ಎಂದು ಬರೆದರು.

ಪರಸಪ್ಪ ಪ್ಲೇಟು ತಲೆಕೆಳಗು ಮಾಡಿಟ್ಟು ಮೂರು ದಿನ ಕೂತ. ಅಣ್ಣನ ತಲೆಯ ರುಮಾಲು, ಅಂಗಿ, ಧೋತರ, ಕೋಲುಗಳನ್ನು ಚಾಕುವಿನಿಂದ ಹೆರೆದು ಒಡ್ಡಿನ ಬಣ್ಣಕ್ಕೆ ತಂದ. ಮುಖ, ಕೈ, ಕಾಲುಗಳ ಮೇಲೆ ಪೆನ್ಸಿಲ್ಲಿನ ಚುಕ್ಕೆ ತುಂಬಿದ. ಬೋಳು ಆಕಾಶಕ್ಕೆ ನಿಡೋಣಿಯ ಕಡೆ ಮುಂಗಾರಿನಲ್ಲಿ ತೆಗೆದಿಟ್ಟಿದ್ದ ಮೋಡದ ಪ್ಲೇಟನ್ನು ಸೇರಿಸಿ ಮುದ್ರಿಸಿದ. ಬೆಳಕು ಬಿದ್ದಷ್ಟೂ ಕಪ್ಪಾಗುವ ಕಾಗದದ ಮೂಲೆಗಳಿಗೆ ಹೆಚ್ಚು ಬೆಳಕು ಕೊಟ್ಟ. ಪ್ರಿಂಟನ್ನು ಕೊಳೆತ ಮೊಟ್ಟೆಯ ವಾಸನೆಯ ದ್ರಾವಣದಲ್ಲಿ ಅದ್ದಿ ಕಂದು ಬಣ್ಣ ತಂದ. ಮಾಳ ನಿಜಕ್ಕೂ ಯಾರೂ ಇಲ್ಲದ ಜಾಗವಾಯಿತು. ಸಾಬಣ್ಣ ಬಂದು ನೋಡಿ, ತನ್ನನ್ನು ಇಷ್ಟು ನೀಟಾಗಿ ಯಾವತ್ತೂ ಅಳಿಸಿರಲಿಲ್ಲ ಎಂದು ಮೆಚ್ಚಿದ. ಒಂದು ಪ್ರತಿ ಪುಣೆಗೆ ಹೋಯಿತು.

ಫೆಬ್ರವರಿಯಲ್ಲಿ ಸಾಬಣ್ಣನಿಗೆ ಜ್ವರ ಬಂತು. ಐದನೆಯ ದಿನ ಹೋಗಿಬಿಟ್ಟ. ಪರಸಪ್ಪ ತಿಕೋಟಾಕ್ಕೆ ಹೋಗಿ ಮಣ್ಣು ಮಾಡಿದ, ಬಂದವರಿಗೆ ಕೂಡ್ರಲು ಚಾಪೆ ಹಾಸಿದ. ಅವನಿಗೆ ಅಳು ಬರಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ದವಡೆ ಹೇಗೆ ಇದ್ದೂ ಇಲ್ಲದಂತಿರುತ್ತದೆಯೋ, ಹಾಗಿತ್ತು ಎದೆ. ನಾಲ್ಕನೆಯ ದಿನ ಕೆಲಸಕ್ಕೆ ಬಂದ.

ಎಂಟನೆಯ ದಿನ ಸಾಬಣ್ಣನ ಹೆಂಡತಿ ಲಕ್ಕವ್ವ ಸ್ಟುಡಿಯೋಕ್ಕೆ ಬಂದಳು. ಒಳಗೆ ಬರದೆ ಹೊಸ್ತಿಲ ಬಳಿ ಕೂತಳು. ಹದಿಮೂರನೆಯ ದಿನಕ್ಕೆ ಹಾರ ಹಾಕಲು ಒಂದು ಫೋಟೋ ಬೇಕಿತ್ತು.

"ಒಂದೂ ಇಲ್ಲ, ವೈನಿ," ಎಂದ ಪರಸಪ್ಪ.

ಲಕ್ಕವ್ವ ಗೋಡೆಯ ಮೇಲಿನ ಮಂದಿಯನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. "ಹದಿನಾಕ್ ವರ್ಷ ಇದ ಅಂಗಡ್ಯಾಗ ದುಡದಾನ. ಆ ತಲಾಟಿ ಸಾಹೇಬನ ನಾಯೀದು ಸೈತ ಫೋಟೋ ಐತಿ."

"ನಾಳಿ ತಗೀತೇನಿ, ನಾಳಿ ತಗೀತೇನಿ ಅಂದ್ಕೋತ ಬಂದೇನಿ," ಎಂದ ಪರಸಪ್ಪ.

"ಅಂವಗೂ ಚಂದ ಆತು, ನಿನಗೂ ಚಂದ ಆತು," ಎಂದು ಅವಳು ಎದ್ದು ಹೋದಳು. ದನಿ ಏರಿಸಲಿಲ್ಲ.

ಮರುದಿನವೇ ಪುಣೆಯಿಂದ ಪತ್ರ ಬಂತು. ಗುರಲಿಂಗಪ್ಪನವರು ಅದನ್ನು ಓದಿ ಪರಸಪ್ಪನ ಮೇಜಿನ ಮೇಲಿಟ್ಟರು. ಚಿತ್ರ ಚೆನ್ನಾಗಿದೆ, ಆದರೆ ಒಂದು ತಪ್ಪು ಉಳಿದಿದೆ. ಮನುಷ್ಯನಿಲ್ಲ, ಅವನ ನೆರಳು ಇದೆ. ಅದನ್ನೂ ತೆಗೆದು ಶನಿವಾರದೊಳಗೆ ಕಳಿಸಬೇಕು.

ಪರಸಪ್ಪ ಪ್ರಿಂಟು ತೆಗೆದು ನೋಡಿದ. ಇತ್ತು. ಒಡ್ಡಿನ ಬುಡದಿಂದ ಬಲಕ್ಕೆ ಉದ್ದಕ್ಕೆ ಚಾಚಿ ಕಂದಕದ ಬಾಯಿಗೆ ಸೇರಿತ್ತು. ಪ್ಲೇಟು ತಲೆಕೆಳಗಾಗಿದ್ದುದರಿಂದ ಅವನು ಅದನ್ನು ಕಂದಕದ್ದೇ ಒಂದು ಟಿಸಿಲು ಎಂದು ತಿಳಿದು ಬಿಟ್ಟುಬಿಟ್ಟಿದ್ದ. ಎರಡು ತಿಂಗಳು ಯಾರೂ ಕಂಡಿರಲಿಲ್ಲ.

ಅಭ್ಯಾಸದಂತೆ ಅವನು ಅಳತೆಪಟ್ಟಿ ತೆಗೆದುಕೊಂಡ. ಇಂಚಿನ ಎಂಟನೆಯ ಪಾಲಿಗೆ ಅಲ್ಲಿ ಸೂತ ಎನ್ನುತ್ತಿದ್ದರು. ಪ್ಲೇಟಿನ ಮೇಲೆ ಕೋಲಿನ ನೆರಳು ಒಂಬತ್ತು ಸೂತ, ಪಕ್ಕದ ನೆರಳು ಎಂಟು ಸೂತ. ಕೋಲು ಆರಡಿ. ಅಂದರೆ ಐದಡಿ ನಾಲ್ಕಿಂಚು. ಅಣ್ಣನ ಎತ್ತರ ಅವನಿಗೆ ಗೊತ್ತಾದದ್ದು ಆವತ್ತೇ.

ಪೆನ್ಸಿಲ್ಲು ಚೂಪು ಮಾಡುತ್ತಿರುವಾಗ ಅವನ ಕೈ ನಿಂತಿತು. ಚಾಕು ಹೆರೆದದ್ದು ಹೋಯಿತು, ಅದು ತಿರುಗಿ ಬರುವುದಿಲ್ಲ. ಆದರೆ ಪೆನ್ಸಿಲ್ಲು ಕೂತಿರುವುದು ವಾರ್ನಿಶ್ಶಿನ ಮೇಲೆ. ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಅದು ಎದ್ದು ಬಂದು ಕೆಳಗಿನ ಮುಖ ಮತ್ತೆ ಕಾಣುತ್ತದೆ. ಆದರೆ ಹೆರೆದ ಕಡೆ ಗಾಜಿನ ಮೇಲಿನ ಚಿತ್ರದ ಪದರು ತೆಳ್ಳಗಾಗಿರುತ್ತದೆ. ಸ್ವಲ್ಪ ಜೋರಾದರೂ ಕಿತ್ತು ಬಂದು ಪ್ಲೇಟೇ ಹಾಳಾದೀತು. ಹಾಳಾದರೆ ಪ್ರೊಫೆಸರರಿಗೂ ಇಲ್ಲ, ಲಕ್ಕವ್ವನಿಗೂ ಇಲ್ಲ.

ಅವನು ಗುರಲಿಂಗಪ್ಪನವರಿಗೆ ಇಷ್ಟನ್ನೂ ಹೇಳಿದ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು.

"ಪ್ಲೇಟ್ ಹೋದ್ರ ನಾ ಬರದ್ ತಿಳಸ್ತೇನಿ," ಎಂದರು. "ನೀ ಒರಸು. ಅವಸರ ಮಾಡಬ್ಯಾಡ."

ಪರಸಪ್ಪ ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಒಂದೊಂದೇ ಹನಿಯಾಗಿ ಒರೆಸಿದ. ಮೊದಲು ಕಾಲು ಬಂದವು. ಆಮೇಲೆ ಕೈಗಳು, ಏನನ್ನೂ ಹಿಡಿಯದೆ ಮಡಚಿಕೊಂಡ ಮುಷ್ಟಿ. ಕೊನೆಗೆ ಸಾಸಿವೆ ಕಾಳಿನಷ್ಟು ಮುಖ. ನಡುವೆ ಅಂಗಿಯಿಲ್ಲ, ಧೋತರವಿಲ್ಲ, ತಲೆಯ ಮೇಲೆ ರುಮಾಲಿಲ್ಲ. ಅಲ್ಲೆಲ್ಲ ಒಡ್ಡಿನ ಮಣ್ಣು. ಅವನು ಪ್ಲೇಟನ್ನು ಒಣಗಲು ಇಟ್ಟ.

ಎಂಟು ಪಟ್ಟು ದೊಡ್ಡದು ಮಾಡಿ, ನೆರಳೂ ಸೇರುವಂತೆ ಅಡ್ಡಕ್ಕೆ ಒಂದು ಪ್ರಿಂಟು ತೆಗೆದ. ಮೋಡ ಸೇರಿಸಲಿಲ್ಲ, ಕಂದು ಬಣ್ಣ ಹಾಕಲಿಲ್ಲ. ರುಮಾಲು ಬರೆಯುವುದು ಅವನಿಗೆ ಹತ್ತು ನಿಮಿಷದ ಕೆಲಸ, ನೂರಾರು ಜನರಿಗೆ ಬರೆದುಕೊಟ್ಟಿದ್ದ. ಕುಂಚ ತೆಗೆದುಕೊಂಡು, ಮತ್ತೆ ಇಟ್ಟು, ಹಾಗೆಯೇ ಕಾಗದದಲ್ಲಿ ಸುತ್ತಿಕೊಂಡು ತಿಕೋಟಾಕ್ಕೆ ಹೋದ.

ಲಕ್ಕವ್ವ ಪ್ರಿಂಟನ್ನು ಬಾಗಿಲ ಬೆಳಕಿಗೆ ಹಿಡಿದಳು. ಮುಖ ಹೆಬ್ಬೆರಳಿನ ಉಗುರಿನಷ್ಟಿತ್ತು. ಕಣ್ಣಿದ್ದಲ್ಲಿ ಎರಡು ಮಬ್ಬು ಚುಕ್ಕೆ.

"ಇದು ಯಾರರ ಇರಬಹುದಲ್ಲೋ," ಎಂದಳು. "ಮೈ ಎಲ್ಲಿ?"

"ಮೈ ನಾನ ಹೆರದೇನಿ, ವೈನಿ. ಗೊತ್ತಿರಲಿಲ್ಲ. ಬೇಕಂದ್ರ ಅಂಗಿ, ರುಮಾಲ ಬರದ್ ಕೊಡ್ತೇನಿ."

ಅವಳ ಬೆರಳು ಮುಖ ಬಿಟ್ಟು ನೆಲದ ಮೇಲೆ ಬಲಕ್ಕೆ ಸರಿಯುತ್ತ ಹೋಗಿ, ನೆರಳಿನ ಹೆಗಲ ಹತ್ತಿರ ನಿಂತಿತು. ಒಂದು ಹೆಗಲು ಮೇಲೆ, ಒಂದು ಕೆಳಗೆ.

"ಇಂವ ನೋಡು," ಎಂದಳು. "ಇಂವ ನಮ್ಮಾಂವ. ಏನೂ ಬರೀಬ್ಯಾಡ ನೀ."

ಆಮೇಲೆ ಒಳಗೆ ಹೋಗಿ ಅವನಿಗೆ ರೊಟ್ಟಿ ತಂದಿಟ್ಟಳು. ಅವನು ಎರಡು ಉಂಡ. ರುಚಿ ಗೊತ್ತಾಗಲಿಲ್ಲ. ಹದಿಮೂರನೆಯ ದಿನ ಹಾರವನ್ನು ಚೌಕಟ್ಟಿನ ನಡುವೆ ಇಳಿಬಿಡದೆ, ನೆರಳಿಗೆ ಅಡ್ಡ ಬಾರದಂತೆ ಎಡಕ್ಕೆ ಸರಿಸಿ ಹಾಕಿದರು.

ಪ್ರೊಫೆಸರರ ಕೆಲಸ ಬಾಕಿಯಿತ್ತು. ಶುಕ್ರವಾರ ಬೆಳಿಗ್ಗೆ ಪರಸಪ್ಪ ಪ್ಲೇಟಿಗೆ ಹೊಸದಾಗಿ ವಾರ್ನಿಶ್ ಸವರಿ, ಒಣಗಿದ ಮೇಲೆ ಮೇಜಿನ ಮೇಲಿಟ್ಟ. ಈ ಸಲ ತಲೆಕೆಳಗು ಮಾಡಲಿಲ್ಲ. ಕಾಲುಗಳನ್ನು ತುಂಬಿದ. ಕೈಗಳನ್ನು ತುಂಬಿದ. ಮಧ್ಯಾಹ್ನ ಊಟಕ್ಕೆ ಎದ್ದು ಹೋಗಿ ಬಂದು ನೆರಳನ್ನು, ಕೋಲಿನ ನೆರಳನ್ನೂ ಕೂಡಿ, ಚುಕ್ಕೆ ಚುಕ್ಕೆಯಾಗಿ ನೆಲದ ಬಣ್ಣಕ್ಕೆ ತಂದ. ಕೆಳಗಿಳಿದ ಹೆಗಲನ್ನು ನೋಡುತ್ತಲೇ ತುಂಬಿದ. ಮುಖವನ್ನು ಕೊನೆಗೆ ಉಳಿಸಿಕೊಂಡಿದ್ದ. ಅದಕ್ಕೆ ಹಿಡಿದದ್ದು ನಲವತ್ತು ಚುಕ್ಕೆ.

ಗುರಲಿಂಗಪ್ಪನವರು ಬಂದು ಭೂತಗನ್ನಡಿ ಹಿಡಿದು ನೋಡಿದರು. ಏನೂ ಉಳಿದಿಲ್ಲ ಎಂದರು. ಹೌದ್ರಿ ಎಂದು ಪರಸಪ್ಪ ಪೆನ್ಸಿಲ್ಲಿನ ಮೊನೆ ಒರೆಸಿ, ಮುಂದಿನ ಪ್ಲೇಟು ತೆಗೆದುಕೊಂಡ. ಅದು ಬಬಲೇಶ್ವರದ ಒಂದು ಮದುವೆಯದು. ಅದನ್ನೂ ಅವನು ತಲೆಕೆಳಗು ಮಾಡದೆ ನೆಟ್ಟಗೇ ಇಟ್ಟುಕೊಂಡು, ಮದುಮಗನ ಹಿಂದೆ ಯಾರ ನೆರಳು ಎಲ್ಲೆಲ್ಲಿ ಬಿದ್ದಿದೆ ಎಂದು ಮೊದಲು ನೋಡಿದ.