ಇಮಾಮಸಾಬರು ಕಸಿದುಕೊಂಡ ಹಕ್ಕರಕಿ

ನಾನು ಬೆಟಗೇರಿಯ ನೇಕಾರರ ಮನೆಯ ಮಗಳು. ಅಡರಕಟ್ಟಿಗೆ ಸೊಸೆಯಾಗಿ ಬಂದ ಮರುವರ್ಷ, ಚೊಚ್ಚಲ ಬಸಿರಿನಲ್ಲಿ ನಡೆದದ್ದಿದು. ಅನ್ನ ಕಂಡರೆ ಓಕರಿಕೆ. ನಾಲಿಗೆ ಬೇಡುತ್ತಿದ್ದುದು ಒಂದೇ, ಹಸಿ ಹಕ್ಕರಕಿ. ಹೊಲದಲ್ಲಿ ತಾನಾಗಿ ಹುಟ್ಟುವ ಈ ಸೊಪ್ಪು ಬೆಳೆಗೆ ಕಸ. ನಮಗೋ, ಬಿಸಿ ರೊಟ್ಟಿಯ ಜೊತೆ ಪ್ರಾಣ!

ಒಂದು ಮುಂಜಾನೆ ಅತ್ತೆ ಊರ ಹೊರಗಿನ ಹೊಲದ ಬದುವಿನಿಂದ ಉಡಿ ತುಂಬ ಹಕ್ಕರಕಿ ತಂದರು. ಚೆನ್ನಾಗಿ ತೊಳೆದು, ಶೇಂಗಾ ಚಟ್ನಿ, ಮೊಸರಿನ ಜೊತೆ ತಾಟಿಗೆ ಹಾಕಿ, "ತಿನ್ನವಾ, ಬಯಕಿ ತೀರ್ಲಿ" ಅಂದರು. ರೊಟ್ಟಿಯಲ್ಲಿ ಸುತ್ತಿ ಬಾಯಿಗೆ ಒಯ್ದಿದ್ದೆ, ಗುರುತಿಲ್ಲದ ಗಂಡಸೊಬ್ಬರು "ತಿನಬ್ಯಾಡ್ರೀ!" ಎಂದು ಕೂಗುತ್ತ ಒಳನುಗ್ಗಿ ಕೈಯ ತುತ್ತನ್ನೇ ಕಸಿದುಕೊಂಡರು.

ಅತ್ತೆ ಕೆಂಡವಾದರು. "ಬಸರಿ ಕೈಯಾಗಿನ ತುತ್ತು ಕಸ್ಕೊಂತಿ, ಮನಷ್ಯಾ ಅದಿಯೇನಲೇ?"

"ಎಷ್ಟರ ಬೈರಿ ಅವ್ವಾರ," ಅಂದರು ಅವರು, ಏದುಸಿರು ಬಿಡುತ್ತ. "ನಾ ಇಮಾಮಸಾಬರಿ. ಆ ಹೊಲ ಲಾವಣಿಗೆ ಹಿಡದು ನಾನ ಉಳತೇನಿ. ಇವತ್ತ ಮುಂಜಾನೆ ಬದುವಿಗೆ ಕಸ ಸಾಯೂ ಎಣ್ಣಿ ಹೊಡದೇನಿ."

"ಎಲಿ ಮ್ಯಾಲೆ ಏನೂ ಇರಲಿಲ್ಲಲ್ಲೋ? ತೊಳದೇನಿ ಬ್ಯಾರೆ!"

"ಎಣ್ಣಿಗೆ ಅಂಟು ಕೂಡಿಸಿರತೀವ್ರಿ. ಹನಿ ಉರಳಿ ಬೀಳಂಗಿಲ್ಲ, ಎಲಿ ತುಂಬ ಹರಡಿ ಒಣಗಿಬಿಡತೈತಿ. ಆಮ್ಯಾಲೆ ಕಣ್ಣಿಗೂ ಕಾಣಂಗಿಲ್ಲ, ತೊಳದ್ರೂ ಪೂರಾ ಹೋಗಂಗಿಲ್ಲ."

ಎಣ್ಣೆ ಹೊಡೆಯುವ ಪಂಪಿಗೆ ಮತ್ತೆ ನೀರು ತುಂಬಿಸಿಕೊಂಡು ಅವರು ಬಂದು ನೋಡಿದರೆ ಗಿಡಗಳನ್ನು ಯಾರೋ ಚಿವುಟಿದ್ದರಂತೆ. ಎಲೆಯ ಮೇಲಿನ ಹನಿ ಆರಿತ್ತು, ಚಿವುಟಿದಲ್ಲಿ ಒಸರಿದ ಹಾಲು ಇನ್ನೂ ಆರಿರಲಿಲ್ಲ. ಈಗಷ್ಟೇ ಒಯ್ದಿದ್ದಾರೆ ಎಂದು ಪಂಪನ್ನು ಅಲ್ಲೇ ಇಳಿಸಿ, ಊರೊಳಗೆ ಓಡಿ, ಮನೆಮನೆ ಕೇಳುತ್ತ ಬಂದಿದ್ದರು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅತ್ತುಬಿಟ್ಟೆ. ಅತ್ತೆ ನೀರು ತರುವಷ್ಟರಲ್ಲಿ ಅವರು ತಾಟಿನ ಸೊಪ್ಪನ್ನೆಲ್ಲ ಕಟ್ಟಿಕೊಂಡು ಹೊರಟೇ ಹೋಗಿದ್ದರು.

ಸಂಜೆ ಮತ್ತೆ ಬಂದರು. ಟವೆಲಿನ ಗಂಟಿನಲ್ಲಿ ಹಕ್ಕರಕಿ!

"ದೂರದ ಹೊಲದ್ದರಿ. ಅಲ್ಲಿ ಎಣ್ಣಿ ಹೊಡದಿಲ್ಲ, ಖಾತ್ರಿ ಮಾಡ್ಕೊಂಡ ತಂದೇನಿ. ಬಸರಿ ಬಾಯಿಂದ ತುತ್ತು ಕಸಗೊಂಡ ಕೈ ಇದು, ಕೊಡದಿದ್ರ ಹೆಂಗ? ತಿನ್ನವಾ ತಂಗಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಕುಂಡ್ರೋ ತಮ್ಮಾ, ರೊಟ್ಟಿ ತಿಂದ ಹೋಗು" ಅಂದರು.

ನನ್ನ ಮಗಳು ಈಗ ಶಾಲೆಗೆ ಹೋಗುತ್ತಾಳೆ. ಅವಳ ಬಾಯಲ್ಲಿ ಅವರು 'ಮಾಮಾ'. ಇವತ್ತಿಗೂ ಅವರು ಹೊಲದಲ್ಲಿ ಹಕ್ಕರಕಿ ಹುಟ್ಟುವ ಒಂದು ಮೂಲೆಗೆ ಔಷಧ ಹೊಡೆಯುವುದಿಲ್ಲ. ಅದರ ಸುತ್ತ ಕೈಯಿಂದಲೇ ಕಳೆ ಕೀಳುತ್ತಾರೆ. "ಏನೋ ಇಮಾಮ, ಕಸ ಬೆಳಿಯಾಕ ಹತ್ತೀಯಲ್ಲೋ!" ಎಂದು ಯಾರಾದರೂ ಕಾಡಿಸಿದರೆ ಅವರದು ಒಂದೇ ಉತ್ತರ: "ಅದು ಕಸ ಅಲ್ಲಪಾ, ನಮ್ಮ ತಂಗಿ ಪಾಲು."

ಅಣ್ಣತಮ್ಮಂದಿರಿಲ್ಲದೆ ಬೆಳೆದವಳು ನಾನು. ಆ ಮಾತು ಕೇಳಿದಾಗಲೆಲ್ಲ ಕಣ್ಣು ತುಂಬಿ ಬರುತ್ತದೆ.