ಇಲ್ಲ ಎಂದವಳು

ನನ್ನ ಹಿರಿಸೊಸೆಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಅವಳ ಬೆನ್ನ ಹಿಂದೆ ಹೇಳುತ್ತಿಲ್ಲ. ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ, ಅವಳೂ "ಹೌದು ಅತ್ತೆ, ಇದೆ, ಏನೀಗ?" ಎಂದಿದ್ದಾಳೆ. ಒಳಗೊಂದು ಹೊರಗೊಂದು ಇಲ್ಲದ ಹೆಂಗಸು. ಅದಕ್ಕೇ ನನಗೆ ಅವಳನ್ನು ಕಂಡರೆ ಒಂದು ಹಿಡಿ ಪ್ರೀತಿ ಹೆಚ್ಚು. ಈ ಮಾತನ್ನು ಮಾತ್ರ ಕಿರಿಸೊಸೆಯ ಎದುರಿಗೆ ಆಡಿಲ್ಲ.

ಇಬ್ಬರೂ ಒಂದೇ ಕಣ್ಣಾಸ್ಪತ್ರೆಯಲ್ಲಿ ಕೆಲಸಕ್ಕಿದ್ದಾರೆ. ಕಿರಿಯವಳು ಬಾಗಿಲ ಬಳಿಯ ಮೇಜಿನ ಹಿಂದೆ ಕುಳಿತು ಬಂದವರನ್ನು ವಿಚಾರಿಸುತ್ತಾಳೆ, ಫೋನ್ ಎತ್ತುತ್ತಾಳೆ. ಹಿರಿಯವಳದು ಪೊರೆ ತೆಗೆಸಿಕೊಳ್ಳಲು ಬಂದವರಿಗೆ ತಿಳಿಸಿ ಹೇಳುವ ಕೆಲಸ. ಅವರನ್ನು ಉದ್ದನೆಯ ಬೆಂಚುಗಳ ಮೇಲೆ ಕೂರಿಸಿಕೊಂಡು, ಒಳಗೆ ಏನು ಮಾಡುತ್ತಾರೆ, ಆಮೇಲೆ ಹೇಗಿರಬೇಕು, ಹನಿ ಹೇಗೆ ಹಾಕಿಕೊಳ್ಳಬೇಕು ಎಂದು ಹೇಳಬೇಕು. ದಿನವಿಡೀ ಅದನ್ನೇ ಹೇಳಿ ಹೇಳಿ ಅವಳ ಗಂಟಲು ಒಡೆದುಹೋಗಿದೆ. ಮೊದಲೇ ಗಡಸು ದನಿ. ಈಗ ಅವಳು "ಕಾಫಿ ಕುಡೀರಿ" ಅಂದರೂ ಬೈದ ಹಾಗೆ ಕೇಳುತ್ತದೆ. ಕಿರಿಯವಳದೋ ಜೇನು. "ಡಾಕ್ಟರು ಇವತ್ತು ಸಿಗೋದಿಲ್ಲ" ಎಂದು ಅವಳು ಫೋನಿನಲ್ಲಿ ಹೇಳಿದರೆ ಆ ಕಡೆಯವರು "ತುಂಬಾ ಸಂತೋಷಮ್ಮ" ಎಂದು ಇಡುತ್ತಾರಂತೆ.

ಆಸ್ಪತ್ರೆಗೆ ಬರುವವರು ಹೆಚ್ಚಾದಾಗ ಡಾಕ್ಟರಮ್ಮ ಹಿರಿಯವಳನ್ನು ಕರೆದು, "ನೀವು ಹೇಳೋದನ್ನೆಲ್ಲ ಸ್ಲೈಡ್ ಮಾಡಿ, ದನಿ ಸೇರಿಸಿ, ಗೋಡೆ ಮೇಲಿನ ಟಿವಿಯಲ್ಲಿ ಹಾಕಿಬಿಡೋಣ. ನಿಮ್ಮ ಗಂಟಲಿಗೂ ಬಿಡುವು" ಎಂದರು. ಅವಳಿಗೆ ರೆಕ್ಕೆ ಬಂದ ಹಾಗಾಯಿತು. ಕಂಪ್ಯೂಟರ್ ಮುಂದೆ ಕುಳಿತು ತಾನೇ ಕಲಿತಳು. ಪೊರೆ ಬಂದ ಕಣ್ಣು ಎಂದರೇನು ಎಂದು ತೋರಿಸಲು ಹಬೆ ಹಿಡಿದ ಕನ್ನಡಿಯ ಚಿತ್ರ ಹಾಕಿದಳು. ಒಂದು ಸ್ಲೈಡ್ ಹೋಗಿ ಇನ್ನೊಂದು ಬರುವಾಗ 'ಟಿಂಗ್' ಎಂಬ ಸದ್ದು ಇಟ್ಟಳು. ಕಣ್ಣಿಗೆ ಹನಿ ಹಾಕುವ ಸ್ಲೈಡಿಗೆ ಹನಿ ಬೀಳುವ ಸದ್ದೇ ಬೇಕೆಂದು, ನಮ್ಮ ಬಚ್ಚಲಿನ ನಲ್ಲಿಯನ್ನು ಒಂದಿಷ್ಟೇ ತಿರುಗಿಸಿ, ಕೆಳಗೆ ತಂಬಿಗೆ ಇಟ್ಟು, ಫೋನ್ ಹಿಡಿದು ಕುಕ್ಕರುಗಾಲಲ್ಲಿ ಕುಳಿತಳು. ಮನೆಯಲ್ಲಿ ಯಾರೂ ಉಸಿರೆತ್ತುವ ಹಾಗಿಲ್ಲ. ಆಗಲೇ ನನಗೆ ಕೆಮ್ಮು ಬರಬೇಕೆ?

"ಅತ್ತೆ, ಬೇಕೂಂತಲೇ ಕೆಮ್ತೀರಾ?"

"ಹೌದು ಕಣೇ, ನಾನೂ ಟಿವೀಲಿ ಬರೋಣ ಅಂತ."

ಅಂತೂ ಎಲ್ಲ ಮುಗಿಸಿ, ತನ್ನ ದನಿಯನ್ನೇ ಸೇರಿಸಿ ಡಾಕ್ಟರಮ್ಮನಿಗೆ ಕೇಳಿಸಿದಳು. ಅವರು ಕೊನೆಯವರೆಗೂ ಕೇಳಿ, "ಚಿತ್ರ, ಸದ್ದು ಎಲ್ಲ ಬಹಳ ಚೆನ್ನಾಗಿದೆ. ದನಿ ಮಾತ್ರ... ಬರೋರು ಮೊದಲೇ ಹೆದರಿರ್ತಾರಲ್ಲ? ನಿಮ್ಮ ಓರಗಿತ್ತಿ ಓದಲಿ" ಎಂದರಂತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಮಾತು. ಕೋಲೇನೋ ಮುರಿಯಲಿಲ್ಲ, ನನ್ನ ಸೊಸೆಯ ಮನಸ್ಸು ಮುರಿಯಿತು.

ಅವತ್ತು ಸಂಜೆ ಅಡುಗೆಮನೆಯಲ್ಲಿ ಪಾತ್ರೆಗಳು ಅವಳ ಪರವಾಗಿ ಮಾತಾಡಿದವು. ಕಿರಿಯವಳು ಹಿತ್ತಲಿಗೆ ಹೋದದ್ದೇ ತಡ, ನನ್ನ ಹತ್ತಿರ ಬಂದು ನಿಂತಳು.

"ಪೊರೆ ಬಂದೋರಿಗೆ ಚಿತ್ರ ಕಾಣುತ್ತಾ ಅತ್ತೆ? ನೀವೇ ಹೇಳಿ, ನಿಮಗೆ ನನ್ನ ಮುಖ ಕಾಣ್ತಿದೆಯಾ?"

"ಮಂಜು ಮಂಜು" ಎಂದೆ. ನನ್ನ ಎರಡು ಕಣ್ಣಿಗೂ ಪೊರೆ ಬಂದಿತ್ತು, ಆಪರೇಷನ್ ಮುಂದಿನ ವಾರಕ್ಕಿತ್ತು.

"ನೋಡಿ ಮತ್ತೆ. ಅವರಿಗೆ ಸಿಕ್ಕೋದು ದನಿ ಒಂದೇ. ಮಾಡಿದ್ದೆಲ್ಲ ನಾನು, ಉಳಿಯೋದು ಅವಳು."

ಅವಳು ಹೇಳಿದ್ದು ನಿಜವಾಗಿತ್ತು.

ದನಿ ತುಂಬಿದ್ದು ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ. ಮಡಿಸಿಟ್ಟ ಹಾಸಿಗೆ ಬಟ್ಟೆಗಳ ರಾಶಿ ಇದ್ದಲ್ಲಿ ಮಾತು ಮಾರ್ದನಿ ಕೊಡುವುದಿಲ್ಲವಂತೆ. ಕಿರಿಯವಳು ಓದುವುದು, ಹಿರಿಯವಳು ಮೌಸ್ ಒತ್ತಿ ಸ್ಲೈಡ್ ಬದಲಿಸುವುದು. ಇಲ್ಲೊಂದು ವಿಷಯವಿದೆ. ಒಂದು ಸ್ಲೈಡ್ ಸರಿದು ಇನ್ನೊಂದು ಬರುವಷ್ಟು ಹೊತ್ತು ಆ ಯಂತ್ರಕ್ಕೆ ಕಿವುಡು. ಆಗ ಆಡಿದ ಮಾತು ದಾಖಲಾಗುವುದಿಲ್ಲ. ಮಾತು ಪೂರ್ತಿ ಮುಗಿದ ಮೇಲೇ ಒತ್ತಬೇಕು. ಇದು ಹಿರಿಯವಳಿಗೆ ಗೊತ್ತು, ಕಿರಿಯವಳಿಗೆ ಗೊತ್ತಿಲ್ಲ.

ನಮ್ಮ ಭಾಷೆಯ ಹಣೆಬರಹವನ್ನೂ ನೋಡಿ. ಹೌದೋ ಅಲ್ಲವೋ ಎಂಬುದು ಮಾತಿನ ಬಾಲದಲ್ಲಿರುತ್ತದೆ. ಬಾಲ ಹೋದರೆ ಮಾತು ತಿರುಗಿ ಬೀಳುತ್ತದೆ. ಕಿರಿಯವಳು ಮುದ್ದಾಗಿ, ಬಿಡಿಸಿ ಬಿಡಿಸಿ, "ಹೆದರಬೇಡಿ. ಮರಗಟ್ಟಿಸುವ ಹನಿ ಹಾಕಿದ ಮೇಲೆ ನೋವು ಆಗುವುದೇ ಇಲ್ಲ" ಎಂದು ಓದಿದಳು. 'ಆಗುವುದೇ' ಎಂಬಲ್ಲಿಗೇ ಹಿರಿಯವಳ ಬೆರಳು ಒತ್ತಿತು. 'ಇಲ್ಲ' ಯಂತ್ರದ ಹೊಟ್ಟೆಗೆ ಹೋಗಲೇ ಇಲ್ಲ.

ಒತ್ತಿದ್ದು ಆತುರದಲ್ಲಿ. ಆದರೆ ಆಮೇಲೆ ಒಬ್ಬಳೇ ಕುಳಿತು ಕೇಳಿದಾಗ ಅವಳಿಗೆ ತಪ್ಪು ಗೊತ್ತಾಯಿತು. ಓರಗಿತ್ತಿಯನ್ನು ಕರೆದು ಇನ್ನೊಂದು ಸಲ ಓದಿಸಿದ್ದರೆ ಮುಗಿಯುತ್ತಿತ್ತು. ಓದಿಸಲಿಲ್ಲ. ಹಾಗೇ ಡಾಕ್ಟರಮ್ಮನ ಕೈಗೆ ಕೊಟ್ಟಳು. ಅವರಿಗೂ ಕೇಳಲು ಪುರುಸೊತ್ತಿರಲಿಲ್ಲ.

ಮೊದಲ ಬಾರಿ ಅದನ್ನು ಟಿವಿಗೆ ಹಾಕುವ ದಿನ ಬೆಳಿಗ್ಗೆ, ಸೊಸೆಯರಿಬ್ಬರೂ ಕೆಲಸಕ್ಕೆ ಹೋದ ಮೇಲೆ ಆಸ್ಪತ್ರೆಯಿಂದ ಮನೆಗೆ ಫೋನ್ ಬಂತು. ಅವತ್ತು ಆಪರೇಷನ್ ಇದ್ದವರು ಯಾರೋ ಬರಲಿಲ್ಲವಂತೆ, ಆ ಜಾಗಕ್ಕೆ ನನ್ನನ್ನು ಕರೆದಿದ್ದರು. ನನ್ನ ದೊಡ್ಡ ಮಗ ಆಟೋದಲ್ಲಿ ಕರೆತಂದು ಬೆಂಚಿನ ಮೇಲೆ ಕೂರಿಸಿ ಗಾಡಿ ಬಾಡಿಗೆ ಕೊಡಲು ಹೊರಗೆ ಹೋದ. ಪಕ್ಕದಲ್ಲಿ ಒಬ್ಬ ವಯಸ್ಸಾದ ದರ್ಜಿ, ಸೂಜಿಗೆ ದಾರ ಪೋಣಿಸಲು ಆಗದೆ ಬಂದವನು. ಗೋಡೆಯ ಮೇಲೆ ಏನೋ ಬೆಳಗಾಯಿತು. ನನಗೆ ಕಂಡದ್ದು ಬಿಳಿ ಚೌಕ, ಅಷ್ಟೇ. ಟಿಂಗ್. ಹನಿ ಬಿತ್ತು. ಹಿಂದೆಯೇ, ಅವತ್ತು ಬಚ್ಚಲಿನ ಹನಿಯ ಜೊತೆ ದಾಖಲಾಗಿದ್ದ ನನ್ನ ಕೆಮ್ಮು. ಆಪರೇಷನ್ನಿನ ಭಯದಲ್ಲೂ ನಗು ಬಂತು. ಆಮೇಲೆ ಜೇನು ಹರಿಯಿತು: "ಹೆದರಬೇಡಿ. ಮರಗಟ್ಟಿಸುವ ಹನಿ ಹಾಕಿದ ಮೇಲೆ ನೋವು ಆಗುವುದೇ."

ಟಿಂಗ್.

"ಏನಂದ್ರು? ಆಗುವುದೇ ಅಂದ್ರಾ?" ದರ್ಜಿ ನನ್ನ ಕಡೆ ತಿರುಗಿದ.

"ಆಗೇ ಆಗುತ್ತೆ ಅಂತ" ಹಿಂದಿನಿಂದ ಯಾರೋ ಬಿಡಿಸಿ ಹೇಳಿದರು.

ಅಷ್ಟು ಸಿಹಿಯಾಗಿ ಹೇಳಿದ್ದಕ್ಕೇ ಇನ್ನಷ್ಟು ಭಯವಾಯಿತು. ದರ್ಜಿ ಎದ್ದು ಕಾಲಲ್ಲೇ ಚಪ್ಪಲಿ ತಡಕಾಡತೊಡಗಿದ. ಬೇರೆ ಬೆಂಚುಗಳೂ ಕಿರುಗುಟ್ಟಿದವು. ನನ್ನ ಸೊಸೆಯರು ಅಲ್ಲೇ ಕೆಲಸ ಮಾಡುವವರು, ನಾನೇ ಧೈರ್ಯವಾಗಿರಬೇಕಿತ್ತು. ಎಲ್ಲಿಯ ಧೈರ್ಯ? ಕೈಕಾಲು ತಣ್ಣಗಾದವು. ನಾಚಿಕೆ ಬಿಟ್ಟು, "ನನಗೆ ಬೇಡ ಕಣ್ರಪ್ಪ, ನನ್ನನ್ನ ಮನೆಗೆ ಕಳಿಸಿ" ಎಂದು ಕೂಗಿದೆ.

"ಇಲ್ಲ!"

ಗೋಡೆಯ ಕಡೆಯಿಂದ ಬಂತು ಆ ಒಡಕು ದನಿ. ಟಿವಿಯ ಪಕ್ಕ ನಿಂತಿದ್ದ ಹಿರಿಯವಳು ನನ್ನ ಕೂಗು ಕೇಳಿ ಗುರುತು ಹಿಡಿದಿದ್ದಳು.

"ಇಲ್ಲ! ನೋವು ಆಗೋದೇ ಇಲ್ಲ! ಯಾರು ಹೇಳಿದ್ದು ಆಗುತ್ತೆ ಅಂತ? ಕೂತ್ಕೊಳ್ಳಿ ಎಲ್ಲರೂ!"

ಎಲ್ಲರೂ ಕುಳಿತರು. ದರ್ಜಿ ನಿಟ್ಟುಸಿರು ಬಿಟ್ಟು, "ಹೀಗೆ ಬೈದು ಹೇಳಿದ್ರೆ ನಂಬಬಹುದು" ಎಂದ.

ಅವಳು ಬಂದು ನನ್ನ ಮಣಿಕಟ್ಟು ಹಿಡಿದುಕೊಂಡಳು. "ಅತ್ತೆ, ನೀವು ಇವತ್ತು ಯಾಕೆ ಬಂದ್ರಿ?" ಎಂದಳು. ಅವಳ ಕೈ ನನ್ನದಕ್ಕಿಂತ ತಣ್ಣಗಿತ್ತು.

ನೋವು ಆಗಲಿಲ್ಲ. ಮಧ್ಯಾಹ್ನ ನಾನು ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ಹಿರಿಯವಳು ಮಂಚದ ಅಂಚಿಗೆ ಕುಳಿತು, ಬಟ್ಟೆ ಕೋಣೆಯ ಕಥೆಯನ್ನೆಲ್ಲ ಒಂದೂ ಬಿಡದೆ ಹೇಳಿದಳು. "ಅವಳ ಬಾಯಿಂದ ಒಂದಾದ್ರೂ ತಪ್ಪು ಬರ್ಲಿ ಅಂತ ಬಿಟ್ಟೆ ಅತ್ತೆ. ಹೊಟ್ಟೆ ಉರೀತಿತ್ತು."

"ಅವಳ ಬಾಯಿಂದ ಸರಿಯಾಗೇ ಬಂತಲ್ಲೇ. ತಪ್ಪು ಬಂದಿದ್ದು ನಿನ್ನ ಬೆರಳಿಂದ. ನನಗೆ ಹೇಳಿ ಏನು ಬಂತು? ಅವಳಿಗೆ ಹೇಳು."

ಹೇಳಿದಳು. ಕಿರಿಯವಳು ಬೆಳಗಿನಿಂದ ಮೇಜಿನ ಬಳಿ ಬಂದವರ ಕೈಲೆಲ್ಲ "ನೀವೇ ಏನಮ್ಮ ಹಂಗಂದಿದ್ದು?" ಎಂದು ಅನ್ನಿಸಿಕೊಂಡು ಅತ್ತಿದ್ದಳು. ಈಗ ಅಳು ನಿಲ್ಲಿಸಿ ಓರಗಿತ್ತಿಯನ್ನೇ ದಿಟ್ಟಿಸಿದಳಂತೆ. "ನಾನು ಇನ್ನೊಂದು ಸಲ ಓದಲ್ಲ ಅಕ್ಕ. ನುಂಗಿದ್ದು ನೀನು. ನೀನೇ ತುಂಬು" ಎಂದಳಂತೆ. ಡಾಕ್ಟರಮ್ಮ ಕರೆದು ಕೇಳಿದರೂ ಜಗ್ಗಲಿಲ್ಲ.

ಹೀಗಾಗಿ ಹಿರಿಯವಳು ಒಬ್ಬಳೇ ಬಟ್ಟೆ ಕೋಣೆಗೆ ಹೋಗಿ, ಆ ಸ್ಲೈಡಿಗೆ ಬೇಕಾದಷ್ಟನ್ನೇ ಸೇರಿಸಿದಳು. ಈಗ ದಿನವೂ ಆ ಟಿವಿಯಲ್ಲಿ "ನೋವು ಆಗುವುದೇ" ಎಂದು ಜೇನಿನಂತೆ ಬರುತ್ತದೆ, ಹಿಂದೆಯೇ ಒಡಕು ದನಿಯಲ್ಲಿ "ಇಲ್ಲ!" ಎಂದು ಗದರುತ್ತದೆ. ಬೆಂಚುಗಳ ಮೇಲೆ ಕುಳಿತವರು ಗೊಳ್ಳೆಂದು ನಗುತ್ತಾರೆ, ಭುಜ ಸಡಿಲ ಬಿಡುತ್ತಾರೆ. ಇನ್ನೊಂದು ಕಣ್ಣಿಗೆ ಹೋದಾಗ ನಾನೂ ನಕ್ಕೆ.

ಮೊನ್ನೆ ಊಟಕ್ಕೆ ಕುಳಿತಾಗ ಕಿರಿಯವಳು ತಟ್ಟೆಯನ್ನು ಠಣ್ಣೆಂದು ಇಟ್ಟಳು. ಆ ಸದ್ದು ನನಗೆ ಪರಿಚಯದ್ದೇ, ಬೇರೆಯವಳ ಕೈಯಿಂದ ಬಂದಿತ್ತು ಅಷ್ಟೇ.

"ಮೊದಲಿಂದ ಕೊನೆವರೆಗೂ ಓದಿದ್ದು ನಾನು ಅತ್ತೆ. ಹೋಗ್ತಾ ಎಲ್ಲರೂ ಮೇಜಿನ ಹತ್ರ ನಿಂತು ಕೇಳೋದು ಏನು ಗೊತ್ತಾ? 'ಆ ಇಲ್ಲ ಅಂದೋರು ಯಾರಮ್ಮ, ಅವರನ್ನ ನೋಡಬೇಕಿತ್ತು' ಅಂತ. ಎರಡೇ ಅಕ್ಷರ!"

ಹಿರಿಯವಳು ಒಲೆಯ ಮುಂದೆ ನಮಗೆ ಬೆನ್ನು ಮಾಡಿ ನಿಂತಿದ್ದಳು. ಈಗ ನನ್ನ ಕಣ್ಣು ಚುರುಕು, ಅವಳ ಕಿವಿ ಕೆಂಪಾದದ್ದು ಕಂಡಿತು. ಸೌಟು ಕೆಳಗಿಟ್ಟಳು.

"ಬೇಕಾದ್ರೆ ನಂದು ತೆಗೆದುಬಿಡ್ತೀನಿ ಕಣೇ" ಎಂದಳು. "ನಾಳೆ ಬಾ, ನಿಂದೇ ಹಾಕೋಣ. ಈ ಸಲ ಕಾಯ್ದು ಒತ್ತುತ್ತೀನಿ."

ಕಿರಿಯವಳು ತಲೆ ಎತ್ತಲಿಲ್ಲ. ತುತ್ತು ನುಂಗಿ, "ಇಲ್ಲ" ಎಂದಳು.

ಆ ದನಿಯಲ್ಲಿ ಜೇನು ಇರಲಿಲ್ಲ. ಗಡಸಾಗಿ, ಬೈದ ಹಾಗೆ, ಅಚ್ಚು ಅವಳ ಅಕ್ಕನದೇ ಆಗಿತ್ತು.