ಲಿಯೋನಿನಲ್ಲಿ ಉಪ್ಪ ಹೇಳಿದ ಮಾತು

ಸೌದಿಯ ಖಫ್ಜಿಯಲ್ಲಿದ್ದಷ್ಟು ವರ್ಷ ಬೇಸಗೆ ರಜೆಗೆ ನಾವು ಊರಿಗೆ, ಅಂದರೆ ಉಳ್ಳಾಲಕ್ಕೆ, ಹೋಗುತ್ತಿದ್ದೆವು. ಎಂಬತ್ತರ ದಶಕದ ನಡುವಿನ ಒಂದು ಬೇಸಗೆಯಲ್ಲಿ ಮಾತ್ರ ಹೋಗಲಿಲ್ಲ. ಆ ಸಲ ಅಪ್ಪ, ನಮ್ಮ ಮನೆಮಾತಿನಲ್ಲಿ ಉಪ್ಪ, ನನ್ನನ್ನೂ ಅಮ್ಮನನ್ನೂ, ಅಂದರೆ ಉಮ್ಮನನ್ನೂ, ಜಿನೀವಾಕ್ಕೆ, ಅಲ್ಲಿಂದ ಫ್ರಾನ್ಸಿನ ಲಿಯೋನಿಗೆ ಕರೆದುಕೊಂಡು ಹೋದರು. ಆಗ ನನಗೆ ಹನ್ನೆರಡು ವರ್ಷ.

ಉಪ್ಪ ಸಮುದ್ರದ ನೀರನ್ನು ಸಿಹಿನೀರು ಮಾಡುವ ಸ್ಥಾವರದಲ್ಲಿ ಫೋರ್‌ಮನ್. ಅವರ ಮೇಲಧಿಕಾರಿ ಒಬ್ಬ ಫ್ರೆಂಚ್ ಇಂಜಿನಿಯರ್. ವಯಸ್ಸು ಐವತ್ತರ ಆಚೆ, ಮದುವೆಯಾಗಿರಲಿಲ್ಲ, ಕಂಪನಿಯ ಕ್ಯಾಂಪಿನಲ್ಲಿ ಒಬ್ಬರೇ ಇದ್ದರು. ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ನಮ್ಮಲ್ಲಿಗೆ ಊಟಕ್ಕೆ ಬರುವರು. ಚಾಪೆಯ ಮೇಲೆ ಕಷ್ಟಪಟ್ಟು ಚಕ್ಕಳಮಕ್ಕಳ ಹಾಕಿ ಕೂತು, ಕೋಳಿ ಸಾರಿನಲ್ಲಿ ನೀರುದೋಸೆ ಅದ್ದಿ ತಿನ್ನುವರು. ಉಮ್ಮ ಅವರೆದುರು ಬರುತ್ತಿರಲಿಲ್ಲ. ಪರದೆಯ ಹಿಂದಿನಿಂದ ನನ್ನ ಕೈಯಲ್ಲಿ ದೋಸೆ ಕಳಿಸುತ್ತಿದ್ದರು.

ಒಂದು ಮಂಗಳವಾರ ಮಧ್ಯಾಹ್ನ ಆ ಇಂಜಿನಿಯರ್ ಎಡಗೈ ನೋಯುತ್ತಿದೆ ಎಂದು ಉಪ್ಪನಿಗೆ ಹೇಳಿದರು. ಹೊಸ ಪಂಪ್ ಶುರು ಮಾಡುವ ದಿನವದು. ಉಪ್ಪ, ಬಿಸಿಲಿಗೆ ಹಾಗಾಗುತ್ತದೆ, ರೂಮಿನಲ್ಲಿ ಮಲಗಿರಿ, ಇಳಿಹೊತ್ತಿನ ಅಸರ್ ನಮಾಜು ಆದ ಮೇಲೆ ಆಸ್ಪತ್ರೆಗೆ ಹೋಗೋಣ ಎಂದರು. ಅಸರ್ ಆದ ಮೇಲೆ ಗಾಡಿ ತೆಗೆದುಕೊಂಡು ಹೋದಾಗ ಬಾಗಿಲು ತೆರೆಯಲಿಲ್ಲ. ಒಡೆದು ಒಳಗೆ ಹೋದಾಗ ಅವರು ತೀರಿಹೋಗಿದ್ದರು.

ಉಪ್ಪನನ್ನು ಯಾರೂ ದೂರಲಿಲ್ಲ. ಬೇಗ ಕರೆತಂದಿದ್ದರೂ ಹೆಚ್ಚೇನೂ ಆಗುತ್ತಿರಲಿಲ್ಲ ಎಂದು ಡಾಕ್ಟರೇ ಹೇಳಿದರಂತೆ. ಆದರೆ ಉಪ್ಪ ಊಟ ಬಿಟ್ಟರು, ಮಾತು ಬಿಟ್ಟರು. ಮೂರು ತಿಂಗಳಲ್ಲಿ ಅಂಗಿ ಮೈಮೇಲೆ ಜೋತಾಡತೊಡಗಿತು. ಅಷ್ಟರಲ್ಲಿ ಇಂಜಿನಿಯರರ ತಾಯಿ ಯಾರಿಂದಲೋ ಇಂಗ್ಲಿಷಿನಲ್ಲಿ ಬರೆಸಿದ ಕಾಗದ ಬಂತು. ಮಗ ಪ್ರತಿ ಪತ್ರದಲ್ಲೂ ನಿಮ್ಮ ಮನೆಯ ಶುಕ್ರವಾರದ ಬಗ್ಗೆ ಬರೆಯುತ್ತಿದ್ದ, ನಿಮ್ಮನ್ನು ಒಮ್ಮೆ ನೋಡಬೇಕು ಎಂದಿತ್ತು. ಉಪ್ಪ ಅದನ್ನು ಓದಿ ಮಡಚಿದರು.

"ಈ ಸಲ ಊರಿಗಿಲ್ಲ. ಅಲ್ಲಿಗೆ ಹೋಗ್ಲಿಕ್ಕುಂಟು," ಎಂದರು.

"ಹೋಗಿ ಎಂತ ಹೇಳ್ತೀರಿ?" ಉಮ್ಮ ಕೇಳಿದರು.

"ಇದ್ದದ್ದನ್ನು ಹೇಳುದು."

ಇಕಾಮಾ ಎಂಬ ಸೌದಿ ವಾಸದ ಪರವಾನಗಿ, ವೀಸಾ ಇವುಗಳ ಓಡಾಟ ಮುಗಿಸಿ ಜುಲೈಯಲ್ಲಿ ದಹರಾನಿನಿಂದ ವಿಮಾನ ಹತ್ತಿದೆವು. ಜಿನೀವಾದಲ್ಲಿ ಒಂದು ದಿನ ತಂಗಿದ್ದೆವು. ಅಲ್ಲಿನ ಸರೋವರದ ನಡುವಿನಿಂದ ನೀರು ಮುಗಿಲಿಗೆ ಚಿಮ್ಮುವುದನ್ನು ನೋಡುತ್ತ ಉಮ್ಮ ಕಲ್ಲುಬೆಂಚಿನಲ್ಲಿ ಕೂತರು. "ಉಪ್ಪುನೀರಾ?" ಎಂದರು. ಸಿಹಿನೀರು ಎಂದು ಉಪ್ಪ ಹೇಳಿದಾಗ ನಂಬಲಿಲ್ಲ. ನಾನು ದಡಕ್ಕಿಳಿದು ಬೊಗಸೆಯಲ್ಲಿ ಕುಡಿದು ತೋರಿಸಿದೆ. ಆ ಪ್ರವಾಸದಲ್ಲಿ ನಾವು ನಕ್ಕದ್ದು ಅಲ್ಲಿ ಮಾತ್ರ.

ಮರುದಿನ ರೈಲಿನಲ್ಲಿ ಲಿಯೋನಿಗೆ ಹೋದೆವು. ಆ ತಾಯಿ ನದಿಯ ಪಕ್ಕದ ಹಳೆಯ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿದ್ದರು. ಎಂಬತ್ತು ದಾಟಿದ, ಸಣ್ಣ ಮೈಯ ಹೆಂಗಸು. ನಮಗಾಗಿ ಮೀನು ಬೇಯಿಸಿದ್ದರು. ಮಾಂಸ ನಮಗೆ ಆಗುತ್ತದೋ ಇಲ್ಲವೋ ಎಂಬ ಅನುಮಾನದಿಂದ ಎಂದರು. ಉಪ್ಪನಿಗೆ ಬರುತ್ತಿದ್ದುದು ಕೆಲಸದ ಜಾಗದಲ್ಲಿ ಕಲಿತ ಫ್ರೆಂಚ್: ಪೈಪು, ವಾಲ್ವು, ಬೇಗ, ನಿಧಾನ. ದುಃಖದ ಶಬ್ದಗಳು ಅದರಲ್ಲಿರಲಿಲ್ಲ. ಆದರೆ ಏನಾದರೂ ಕೆಟ್ಟಾಗ ಅಲ್ಲಿ ಹೇಳುವ ಒಂದು ಮಾತಿತ್ತು. ಆ ಮಂಗಳವಾರದ ಮಧ್ಯಾಹ್ನವನ್ನು ತುಂಡು ತುಂಡಾಗಿ ಹೇಳಿ ಮುಗಿಸಿ, ಉಪ್ಪ ಅದನ್ನೇ ಅಂದರು: ತಪ್ಪು ನನ್ನದು.

ಮುದುಕಿ ಎದ್ದು ಒಳಗಿಂದ ಒಂದು ಔಷಧಿ ಚೀಟಿ ತಂದು ಉಪ್ಪನ ಮುಂದಿಟ್ಟರು. ಮಗನಿಗೆ ಹೃದಯದ ಕಾಯಿಲೆ ಮೊದಲೇ ಇತ್ತು. ತಿಳಿದರೆ ಕಂಪನಿ ವಾಪಸು ಕಳಿಸುತ್ತದೆ ಎಂದು ಆತ ಯಾರಿಗೂ ಹೇಳಿರಲಿಲ್ಲ. ತಿಂಗಳು ತಿಂಗಳು ಮಾತ್ರೆ ಅಂಚೆಯಲ್ಲಿ ಕಳಿಸುತ್ತಿದ್ದವರು ಈ ತಾಯಿ. ಕಂಪನಿಗೆ ಒಂದು ಕಾಗದ ಬರೆದಿದ್ದರೆ ಮಗ ಸಿಟ್ಟಿನಿಂದಾದರೂ ಮನೆಗೆ ಬರುತ್ತಿದ್ದ, ನಾನು ಬರೆಯಲಿಲ್ಲ ಎಂದರು. ನಿಧಾನವಾಗಿ, ಉಪ್ಪನಿಗೆ ಅರ್ಥವಾಗುವವರೆಗೆ ಎರಡೆರಡು ಸಲ ಹೇಳಿದರು.

ಉಪ್ಪ ನಮಗೆ ಅದನ್ನು ಹೇಳಿ, ಚೀಟಿ ನೋಡುತ್ತ ಕೂತರು. ಆಗ ಆ ತಾಯಿ ಉಮ್ಮನ ಕಡೆ ತಿರುಗಿ, ನನ್ನ ಮಗ ನಿಮ್ಮ ಮನೆಯಲ್ಲಿ ಹೇಗಿರುತ್ತಿದ್ದ ಎಂದು ಕೇಳಿದರು.

"ಅವರ ಮುಖ ನಾನು ಸರಿ ನೋಡ್ಲೇ ಇಲ್ಲ," ಎಂದರು ಉಮ್ಮ. "ಎಷ್ಟು ದೋಸೆ ತಿಂದ್ರು ಅಂತ ಮಾತ್ರ ಗೊತ್ತು. ಕಡೇ ಶುಕ್ರವಾರ ಒಂಬತ್ತು. ಹೊಟ್ಟೆ ತುಂಬಿಯೇ ಹೋದದ್ದು ಅಂತ ಹೇಳಿ ಅವರಿಗೆ."

ಉಪ್ಪ ಹೇಳಿದರು. ಮುದುಕಿ ಎದ್ದು ಬಂದು ಉಮ್ಮನ ಎರಡೂ ಕೈಗಳನ್ನು ತಮ್ಮ ಮುಖಕ್ಕೆ ಒತ್ತಿಕೊಂಡರು. ಅವರು ಅತ್ತದ್ದು ಆಗಲೇ. ಉಮ್ಮನೂ ಅತ್ತರು. ನಾನು ಕಿಟಕಿಯಾಚೆ ನದಿ ನೋಡುತ್ತ ನಿಂತೆ.

ಜಿನೀವಾಕ್ಕೆ ವಾಪಸು ಬರುವಾಗ ಉಪ್ಪ ರೈಲಿನಲ್ಲಿ ಬಾಯಿ ತೆರೆದು ನಿದ್ದೆಹೋದರು. ತಿಂಗಳುಗಳ ನಂತರದ ನಿದ್ದೆ. ಟಿಕೆಟ್ ನೋಡುವವ ಬಂದಾಗ ಉಮ್ಮ ತುಟಿಯ ಮೇಲೆ ಬೆರಳಿಟ್ಟು, ಉಪ್ಪನ ಕಿಸೆಯಿಂದ ಮೂರು ಟಿಕೆಟು, ಪಾಸ್‌ಪೋರ್ಟು ತೆಗೆದು ತಾವೇ ಕೊಟ್ಟರು.

ಖಫ್ಜಿಗೆ ಮರಳಿದ ಮೇಲೆ ಹೊಸ ವರ್ಷಕ್ಕೊಂದು ಕಾರ್ಡ್ ಲಿಯೋನಿನಿಂದ ಬರುತ್ತಿತ್ತು. ಉಪ್ಪ ಉತ್ತರ ಬರೆಯುತ್ತಿದ್ದರು. ನಾಲ್ಕು ವರ್ಷ ಹಾಗೇ ನಡೆಯಿತು. ಐದನೆಯ ವರ್ಷ ಕಾರ್ಡ್ ಬರಲಿಲ್ಲ. ಫೆಬ್ರವರಿಯವರೆಗೆ ಕಾದು, ಉಪ್ಪ ತಾವೇ ಒಂದು ಬರೆದು ಅಂಚೆಗೆ ಹಾಕಿದರು. ಅದಕ್ಕೆ ಉತ್ತರ ಬರಲಿಲ್ಲ.